ಆಸ್ಟ್ರೋಸ್ಯಾಟ್ ಮತ್ತು ಅಂಗಡಿಯ ಗಣಕಯಂತ್ರ: ಪಾಲನಾ ವೆಚ್ಚದ ಪಾಠ

ಕೊಳ್ಳೇಗಾಲದಿಂದ ಹನೂರು ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಗುವ ರಸ್ತೆಯಲ್ಲಿ ಕೌದಳ್ಳಿ ಇದೆ. ಅಲ್ಲಿಯ ದಿನಸಿ ವರ್ತಕರಿಗೂ ಭೂಮಿಯಿಂದ 650 ಕಿ.ಮೀ. ಎತ್ತರದಲ್ಲಿ ಸುತ್ತಲೆಂದು ಹಾರಿಬಿಟ್ಟ ದೂರದರ್ಶಕಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು, ಅದು ಲೆಕ್ಕದ ಪುಸ್ತಕದ ಸಂಬಂಧ. ಯಂತ್ರ ಕೊಳ್ಳಲು ಹಣ ಹೊಂದಿಸುವವರು ಅದನ್ನು ನಡೆಸಿಕೊಂಡು ಹೋಗುವ ವೆಚ್ಚಕ್ಕೆ ಹಣ ತೆಗೆದಿಡುವುದನ್ನು ಮರೆಯುತ್ತಾರೆ ಎಂಬ ಮಾತು ಎರಡೂ ಕಡೆ ಅನ್ವಯಿಸುತ್ತದೆ.

ಭಾರತದ ಮೊದಲ ಬಾಹ್ಯಾಕಾಶ ವೀಕ್ಷಣಾಲಯವಾದ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ-ಸಿ30 ರಾಕೆಟ್ಟಿನ ಮೂಲಕ ಶ್ರೀಹರಿಕೋಟಾದಿಂದ ಹಾರಿತು. ಇದಕ್ಕೆ ಸುಮಾರು 178 ಕೋಟಿ ರೂಪಾಯಿ ವೆಚ್ಚವಾಯಿತೆಂದು ಆಗಿನ ವರದಿಗಳು ತಿಳಿಸಿದ್ದವು. ಇಸ್ರೋ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಪುಣೆಯ ಐಯುಕಾ, ಕೆನಡಾದ ಬಾಹ್ಯಾಕಾಶ ಸಂಸ್ಥೆ, ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯಗಳು ಇದರಲ್ಲಿ ಕೈಜೋಡಿಸಿದ್ದವು. ಐದು ವರ್ಷಗಳ ಸೇವೆಗೆಂದು ರೂಪಿಸಿದ ಈ ಉಪಗ್ರಹವು 2025ರ ಸೆಪ್ಟೆಂಬರ್‌ನಲ್ಲಿ ಹತ್ತು ವರ್ಷ ಪೂರೈಸಿತು. ಹೂಡಿದ ಬಂಡವಾಳ ನಿರೀಕ್ಷೆಗಿಂತ ಇಮ್ಮಡಿ ಕಾಲ ದುಡಿದಿದೆ ಎಂದೇ ಇದರ ಅರ್ಥ.

ಆದರೆ ಉಪಗ್ರಹವು ಚಿತ್ರ ಬರೆದು ಕಳುಹಿಸುವುದಿಲ್ಲ. ಅದು ಕಳುಹಿಸುವುದು ಕಚ್ಚಾ ಮಾಲು. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ದತ್ತಾಂಶ ಕೇಂದ್ರದಲ್ಲಿ ಅದನ್ನು ಮೊದಲ ಹಂತಕ್ಕೆ ಹಸನುಗೊಳಿಸಿ, ಆಯಾ ಉಪಕರಣದ ಹೊಣೆ ಹೊತ್ತ ಸಂಸ್ಥೆಗೆ ಒಪ್ಪಿಸಲಾಗುತ್ತದೆ. ಅತಿನೇರಳೆ ದೂರದರ್ಶಕದ ದತ್ತಾಂಶವು ಭಾರತೀಯ ಖಭೌತ ಸಂಸ್ಥೆಗೆ ಬರುತ್ತದೆ. ಆ ದೂರದರ್ಶಕವು ಬೆಳಕಿನ ಕಣಗಳನ್ನು ಬಿಡಿಬಿಡಿಯಾಗಿ ಎಣಿಸಿ, ಪ್ರತಿ ಸೆಕೆಂಡಿಗೆ ಸುಮಾರು 29 ಚೌಕಟ್ಟುಗಳಂತೆ ದಾಖಲಿಸುತ್ತದೆ. ಉಪಗ್ರಹವು ಅತ್ತಿತ್ತ ಸ್ವಲ್ಪ ಓಲಾಡುವುದರಿಂದ ಪ್ರತಿಯೊಂದು ಚೌಕಟ್ಟನ್ನೂ ಸರಿಹೊಂದಿಸಿ ಜೋಡಿಸಬೇಕು. ಈ ಕೆಲಸ ತಂತ್ರಾಂಶದ್ದು. ತಂತ್ರಾಂಶ ತಪ್ಪಿದರೆ ಕೋಟ್ಯಂತರ ರೂಪಾಯಿಯ ಕನ್ನಡಿಯಿಂದ ಬಂದ ನಕ್ಷತ್ರವೂ ಮಸುಕಾದ ಕಲೆಯಾಗುತ್ತದೆ.

ಈ ತಂತ್ರಾಂಶ ಒಮ್ಮೆ ಬರೆದರೆ ಮುಗಿಯುವುದಲ್ಲ. ವರ್ತಕರು ತಕ್ಕಡಿಗೆ ನಿಗದಿತ ಅವಧಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸುವಂತೆ, ಉಪಕರಣಕ್ಕೆ ವಯಸ್ಸಾದಂತೆ ಅದರ ಅಳತೆಯನ್ನು ಮತ್ತೆ ಮತ್ತೆ ಪರಿಶೀಲಿಸಿ, ಹಳೆಯ ದತ್ತಾಂಶವನ್ನೂ ಹೊಸ ಅಳತೆಯಂತೆ ಮರುಸಂಸ್ಕರಿಸಬೇಕಾಗುತ್ತದೆ. 2018ರಲ್ಲಿ ಅತಿನೇರಳೆ ದೂರದರ್ಶಕದ ಮೂರು ವಾಹಿನಿಗಳ ಪೈಕಿ ಒಂದು ಕೆಲಸ ನಿಲ್ಲಿಸಿತು. ಆದರೂ ಅದು ಅಲ್ಲಿಯವರೆಗೆ ಸಂಗ್ರಹಿಸಿದ ದತ್ತಾಂಶದ ಬೆಲೆ ಕುಗ್ಗಲಿಲ್ಲ. ಅಷ್ಟೇ ಅಲ್ಲದೆ ತಂತ್ರಾಂಶ ನಿಂತಿರುವ ನೆಲವೂ ಜಾರುತ್ತಿರುತ್ತದೆ. ವಿಜ್ಞಾನಿಗಳು ಬಹುವಾಗಿ ಬಳಸುತ್ತಿದ್ದ ಪೈಥಾನ್ ಭಾಷೆಯ ಎರಡನೆಯ ಆವೃತ್ತಿಗೆ 2020ರ ಜನವರಿ 1ರಿಂದ ಬೆಂಬಲವೇ ನಿಂತುಹೋಯಿತು. ಅದನ್ನು ನೆಚ್ಚಿದ್ದವರೆಲ್ಲರೂ ಕಾರ್ಯಕ್ರಮಗಳನ್ನು ತಿದ್ದಿ ಬರೆಯಬೇಕಾಯಿತು.

ಇಂತಹ ಪಾಲನೆಗೆ ಪ್ರತಿಫಲವುಂಟೇ? 2016ರ ಅಕ್ಟೋಬರ್‌ನಲ್ಲಿ ಆಸ್ಟ್ರೋಸ್ಯಾಟ್ ಆಕಾಶದ ಒಂದು ಭಾಗವನ್ನು 28 ಗಂಟೆಗೂ ಹೆಚ್ಚು ಕಾಲ ದಿಟ್ಟಿಸಿತು. ಆ ದತ್ತಾಂಶವನ್ನು ಸೋಸಿ, ಕಂಡ ಬೆಳಕು ನಿಜಕ್ಕೂ ಆ ನಕ್ಷತ್ರಪುಂಜದ್ದೇ ಎಂದು ದೃಢಪಡಿಸಲು ಸುಮಾರು ಎರಡು ವರ್ಷ ಹಿಡಿಯಿತು. ಐಯುಕಾದ ಕನಕ್ ಸಾಹಾ ಅವರ ನೇತೃತ್ವದ ತಂಡವು 930 ಕೋಟಿ ಜ್ಯೋತಿರ್ವರ್ಷ ದೂರದ ಆ ಪುಂಜದಿಂದ ಬಂದ ತೀವ್ರ ಅತಿನೇರಳೆ ಬೆಳಕಿನ ಶೋಧವನ್ನು 2020ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಹೂಡಿಕೆ ಒಂದು ವರ್ಷದ್ದು, ಆದಾಯ ನಾಲ್ಕು ವರ್ಷಗಳ ಅನಂತರದ್ದು. ನಡುವಿನ ಅವಧಿಯಲ್ಲಿ ದತ್ತಾಂಶವನ್ನು ಕಾಪಾಡಿ, ತಂತ್ರಾಂಶವನ್ನು ತಿದ್ದುತ್ತಿದ್ದವರ ಸಂಬಳವನ್ನು ಉಳಿಸಿದ್ದರೆ ಆ ಆದಾಯ ಬರುತ್ತಿರಲಿಲ್ಲ.

ಈಗ ಕೌದಳ್ಳಿಯ ಒಂದು ಅಂಗಡಿಯನ್ನು ಊಹಿಸಿಕೊಳ್ಳಬಹುದು. ಮಾಲೀಕರು ಗಣಕಯಂತ್ರವನ್ನೂ ಲೆಕ್ಕಪತ್ರದ ತಂತ್ರಾಂಶವನ್ನೂ ಕೊಂಡರು. ಮರುವರ್ಷ ನವೀಕರಣದ ಶುಲ್ಕ ದಂಡವೆಂದು ಬಿಟ್ಟರು. ಲೆಕ್ಕ ಬರೆಯುವ ಹುಡುಗ ಬೆಂಗಳೂರಿಗೆ ಹೋದ. ಪಾಸ್‌ವರ್ಡ್ ಅವನೊಡನೆ ಹೋಯಿತು. ಗುಡುಗು ಮಳೆಯ ಒಂದು ರಾತ್ರಿ ಹಾರ್ಡ್ ಡಿಸ್ಕ್ ಸುಟ್ಟಿತು. ಬ್ಯಾಕಪ್ ಎಂದು ಇಟ್ಟ ಪೆನ್‌ಡ್ರೈವ್‌ನಲ್ಲಿದ್ದ ಕಡತ ಹೊಸ ಆವೃತ್ತಿಯಲ್ಲಿ ತೆರೆಯಲೊಲ್ಲದು. ಆಗ ತೆರಿಗೆ ಇಲಾಖೆಯ ನೋಟೀಸು ಬಂದರೆ ಉತ್ತರವೇನು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. 2022-23ನೇ ಸಾಲಿನ ಲೆಕ್ಕ 2029ರ ಡಿಸೆಂಬರ್ 31ರವರೆಗೆ ಓದಲು ಸಿಗುವಂತಿರಬೇಕು. ಕಂಪನಿಗಳಿಗೆ ಈ ಅವಧಿ ಎಂಟು ಹಣಕಾಸು ವರ್ಷಗಳು. ಅಲ್ಲದೆ 2023ರ ಏಪ್ರಿಲ್ 1ರಿಂದ ಅವು ಬಳಸುವ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು. ಕಡತ ಇದ್ದರೆ ಸಾಲದು, ತೆರೆಯುವಂತಿರಬೇಕು.

ಪಾಲನೆ ದುಬಾರಿ ಎಂಬ ಆಕ್ಷೇಪಣೆ ಸಹಜ. ಸಣ್ಣ ವ್ಯಾಪಾರದಲ್ಲಿ ಲಾಭದ ಅಂಚು ತೆಳು. ಆದರೆ ಲೆಕ್ಕ ನೋಡಬೇಕು. ತಂತ್ರಾಂಶದ ಖರೀದಿ ಬಂಡವಾಳ ವೆಚ್ಚ. 2017ರ ಏಪ್ರಿಲ್‌ನಿಂದ ಅದಕ್ಕೆ ಸವಕಳಿಯ ದರ ಶೇ. 60ರಿಂದ ಶೇ. 40ಕ್ಕೆ ಇಳಿಯಿತು. ವಾರ್ಷಿಕ ನಿರ್ವಹಣಾ ಶುಲ್ಕವಾದರೋ ರಾಜಸ್ವ ವೆಚ್ಚ. ಆಯಾ ವರ್ಷದ ಆದಾಯದಿಂದ ಪೂರ್ತಿಯಾಗಿ ಕಳೆಯಬಹುದು. ಮುಂದಿನ ವರ್ಷಗಳ ಪಾಲನೆಗೆಂದು ಬರಿದೇ ಎತ್ತಿಟ್ಟ ಹಣಕ್ಕೆ ಮಾತ್ರ ಈ ಸೌಲಭ್ಯ ದೊರೆಯದು. ಆದುದರಿಂದ ವರ್ಷವರ್ಷದ ಪಾಲನೆಯನ್ನು ಆಯಾ ವರ್ಷದಲ್ಲೇ ಮಾಡಿಸುವುದು ಲೆಕ್ಕದ ದೃಷ್ಟಿಯಿಂದಲೂ ಜಾಣತನ.

ಖಗೋಳ ವಿಜ್ಞಾನಿಗಳಿಂದ ವರ್ತಕರು ಕಲಿಯಬೇಕಾದ ಇನ್ನೆರಡು ಪಾಠಗಳಿವೆ. ಮೊದಲನೆಯದು, ಮುಕ್ತ ನಮೂನೆ. ಆಸ್ಟ್ರೋಸ್ಯಾಟ್ ದತ್ತಾಂಶವಿರುವುದು 1981ರಲ್ಲಿ ಪ್ರಕಟವಾದ ಫಿಟ್ಸ್ ಎಂಬ ಕಡತ ನಮೂನೆಯಲ್ಲಿ. ಒಮ್ಮೆ ಒಪ್ಪಿತವಾದ ಕಡತ ಮುಂದೆಂದೂ ಅಮಾನ್ಯವಾಗಬಾರದೆಂಬುದು ಅದರ ಕಟ್ಟಳೆ; ಹಾಗಾಗಿ ನಲವತ್ತು ವರ್ಷ ಹಳೆಯ ಕಡತವನ್ನೂ ಓದಬಹುದು. ಎರಡನೆಯದು, ಒಬ್ಬರನ್ನೇ ನೆಚ್ಚದಿರುವುದು. ಅತಿನೇರಳೆ ದತ್ತಾಂಶಕ್ಕೆ ಅಧಿಕೃತ ತಂತ್ರಾಂಶವಲ್ಲದೆ, ಖಭೌತ ಸಂಸ್ಥೆಯ ಜಯಂತ್ ಮೂರ್ತಿ ಅವರ ತಂಡ ಬರೆದ ‘ಜೂಡ್’, ಕೆನಡಾದ ಕ್ಯಾಲ್ಗರಿಯಲ್ಲಿ ರೂಪುಗೊಂಡ ‘ಸಿಸಿಡಿಲ್ಯಾಬ್’ ಸಹ ಇವೆ. ಒಂದರ ಫಲಿತಾಂಶವನ್ನು ಇನ್ನೊಂದರಿಂದ ತಾಳೆ ನೋಡಬಹುದು.

ಇದರಂತೆ ಪ್ರತಿಯೊಬ್ಬ ವರ್ತಕರೂ ವರ್ಷಾಂತ್ಯದಲ್ಲಿ ಲೆಡ್ಜರು, ದಿನವಹಿ, ದಾಸ್ತಾನು ಪಟ್ಟಿಗಳನ್ನು ಯಾವ ಗಣಕದಲ್ಲೂ ತೆರೆಯುವ ಸಾಮಾನ್ಯ ನಮೂನೆಯಲ್ಲಿ ಇಳಿಸಿಡಲಿ. ಒಂದು ಪ್ರತಿ ಅಂಗಡಿಯಲ್ಲಿ, ಒಂದು ಮನೆಯಲ್ಲಿ ಇರಲಿ. ಪಾಸ್‌ವರ್ಡ್ ಮಾಲೀಕರ ವಶದಲ್ಲಿರಲಿ. ವರ್ಷಕ್ಕೊಮ್ಮೆ ಹಳೆಯ ಕಡತವನ್ನು ತೆರೆದು ನೋಡುವ ಪರಿಪಾಠವಿರಲಿ. ವಾಣಿಜ್ಯ ಸಂಸ್ಥೆಗಳು ತಾಲ್ಲೂಕು ಮಟ್ಟದಲ್ಲಿ ಇಂತಹ ತಪಾಸಣಾ ಶಿಬಿರ ನಡೆಸಿ, ಹತ್ತಾರು ಅಂಗಡಿಗಳಿಗೆ ಒಟ್ಟಾಗಿ ನಿರ್ವಹಣಾ ಒಪ್ಪಂದ ಮಾಡಿಸಿಕೊಟ್ಟರೆ ತಲಾ ಹೊರೆಯೂ ತಗ್ಗುತ್ತದೆ.

ಸರ್ಕಾರಕ್ಕೂ ಇದೇ ಮಾತು ಸಲ್ಲುತ್ತದೆ. ಆಸ್ಟ್ರೋಸ್ಯಾಟ್ ಒಂದು ದಿನ ಮೌನವಾಗುವುದು ನಿಶ್ಚಿತ. ಅಂದಿನಿಂದ ಉಳಿಯುವ ಆಸ್ತಿ ಬ್ಯಾಲಾಳುವಿನ ದತ್ತಾಂಶ ಭಂಡಾರವೊಂದೇ. ಅದನ್ನು ಓದುವ ತಂತ್ರಾಂಶ, ತಂತ್ರಾಂಶವನ್ನು ಬಲ್ಲ ಸಿಬ್ಬಂದಿ ಇವೆರಡಕ್ಕೂ ಮುಂಗಡಪತ್ರದಲ್ಲಿ ಖಾಯಂ ಬಾಬ್ತು ಇರಬೇಕು. ತೆರಿಗೆ ಕಟ್ಟುವ ವರ್ತಕ ಸಮುದಾಯಕ್ಕೆ ಇದನ್ನು ಕೇಳುವ ಹಕ್ಕಿದೆ. ಕೇಳುವ ಮೊದಲು ತನ್ನ ಅಂಗಡಿಯ ಹಳೆಯ ಲೆಕ್ಕ ತೆರೆಯುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆಯೂ ಇದೆ.