ನಿಂಬೆಹಣ್ಣು ಇಟ್ಟಿದ್ದಾಯ್ತು, ಬಾನೆಟ್ ತೆಗೆಯೋದು ಯಾವಾಗ?

ಆಯುಧಪೂಜೆ ದಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೋಡ್ಬೇಕು ನೀವು. ಸಾಲಾಗಿ ನಿಂತ ಕಾರುಗಳು, ಬಾನೆಟ್ ಮೇಲೆ ಚೆಂಡುಹೂವಿನ ಹಾರ, ಗಾಜಿನ ಮೇಲೆ ವಿಭೂತಿ, ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು. ಉಳಿದ 364 ದಿನ ಆ ಬಾನೆಟ್ಟನ್ನ ಒಬ್ಬರಾದರೂ ಎತ್ತಿ ನೋಡಿರೋದಿಲ್ಲ. ಹೆಸರಿಗೆ ಆಯುಧಪೂಜೆ, ಆದರೆ ಆಯುಧ ಹಿಡಿಯೋ ಕೈ ಮಾತ್ರ ಬೇರೆ ಯಾರದ್ದೋ.

ಇದನ್ನ ಯಾರನ್ನೋ ಆಡಿಕೊಳ್ಳೋಕೆ ಹೇಳ್ತಿಲ್ಲ. ಹೋದ ಮಳೆಗಾಲದವರೆಗೂ ನಾನೂ ಅದೇ ಸಾಲಿನಲ್ಲಿ ಕರ್ಪೂರ ಹಚ್ಚುತ್ತಿದ್ದವನೇ.

ನನ್ನದು ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಅಮ್ಮನ್ನ ಕೂರಿಸಿಕೊಂಡು ಊರಿಗೆ ಹೊರಟಿದ್ದೆ. ಕಡೂರು ದಾಟಿ ಚಹಾಕ್ಕೆ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ರಾತ್ರಿ ಒಂಬತ್ತೂವರೆ, ಜಡಿಮಳೆ. ಅಂಗಡಿಯವರು ಮೂವರು ಬಂದು ತಳ್ಳಿದರು, ಗಾಡಿ ಶುರುವಾಯಿತು. ಅಲ್ಲಿಂದ ಮುಂದೆ ಇಡೀ ದಾರಿ ಹೆಡ್‌ಲೈಟು ಹಳೇ ಬುಡ್ಡಿ ದೀಪದ ಹಾಗೆ. ಎದುರಿನ ಲಾರಿ ಹಾದುಹೋದ ಮೇಲೆ ರಸ್ತೆ ಎಲ್ಲಿ ಮುಗಿಯುತ್ತೆ, ಗುಂಡಿ ಎಲ್ಲಿ ಶುರುವಾಗುತ್ತೆ ಅಂತ ತಿಳಿಯದೆ ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ತೆವಳಿದೆ. ಅಮ್ಮ ಪಕ್ಕದಲ್ಲಿ ಕೂತು ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇನ್ನೂ ನೆನಪಿದೆ.

ಬೆಂಗಳೂರಿಗೆ ಬಂದು ಸರ್ವಿಸ್ ಸೆಂಟರಿಗೆ ಬಿಟ್ಟೆ. ಮೊದಲ ಶನಿವಾರ, 'ಬ್ಯಾಟರಿ ವೀಕು ಸರ್' ಅಂದರು. ಐದು ಸಾವಿರದ ಚಿಲ್ಲರೆ ಕೊಟ್ಟು ಹೊಸದು ಹಾಕಿಸಿದೆ. ಎರಡು ವಾರ ಸುಮ್ಮನಿದ್ದ ಗಾಡಿ ಮತ್ತೆ ಅದೇ ರಾಗ ಹಾಡಿತು. ಎರಡನೇ ಶನಿವಾರ, 'ಸ್ಟಾರ್ಟರ್ ಮೋಟಾರ್ ಹೋಗಿದೆ ಸರ್' ಅಂತ ಒಂಬತ್ತು ಸಾವಿರದ ಎಸ್ಟಿಮೇಟ್ ಕೊಟ್ಟರು. ಆಫೀಸಿನ ಗೆಳೆಯನೊಬ್ಬ, 'ಅದೆಲ್ಲ ಬಿಡೋ, ಗ್ರೌಂಡಿಂಗ್ ಕಿಟ್ ಹಾಕ್ಸು' ಅಂತ ಒಂದು ಫೋಟೋ ಕಳಿಸಿದ. ನೀಲಿ ಬಣ್ಣದ ಐದು ವೈರು, ಚಿನ್ನದ ಬಣ್ಣದ ತುದಿಗಳು, ಬೆಲೆ ಮೂರೂವರೆ ಸಾವಿರ. ಮೈಲೇಜ್ ಹೆಚ್ಚುತ್ತೆ, ಪಿಕಪ್ ಹೆಚ್ಚುತ್ತೆ, ಸ್ಪೀಕರಿನ ಸದ್ದೂ ಶುದ್ಧವಾಗುತ್ತೆ ಅಂತ ವಿವರಣೆ. ಮನಶ್ಶಾಂತಿ ಒಂದನ್ನ ಮಾತ್ರ ಬರೆದಿರಲಿಲ್ಲ.

ಕೊನೆಗೆ ಕಾಯಿಲೆ ಹಿಡಿದದ್ದು ರಸ್ತೆ ಪಕ್ಕ ಒಂದು ತಗಡಿನ ಶೀಟಿನ ಕೆಳಗೆ ಕೂರೋ ಆಟೋ ಎಲೆಕ್ಟ್ರಿಷಿಯನ್. ಐವತ್ತು ದಾಟಿದ ಮನುಷ್ಯ. ಬಾನೆಟ್ ಎತ್ತಿ, ಜಂಪರ್ ಕೇಬಲ್ಲಿನ ಒಂದು ತುದಿಯನ್ನ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿಯನ್ನ ಇಂಜಿನ್ನಿನ ಒಂದು ಬೋಲ್ಟಿಗೆ ಕಚ್ಚಿಸಿದರು. 'ಈಗ ಸೆಲ್ಫ್ ಹೊಡೀರಿ ಸಾರ್.' ಮೊದಲ ತಿರುವಿಗೇ ಗಾಡಿ ಶುರು. ಕೇಬಲ್ ತೆಗೆದರು, ಮತ್ತೆ ಟಕ್ ಟಕ್. 'ಬ್ಯಾಟರಿನೂ ಚೆನ್ನಾಗಿದೆ, ಮೋಟ್ರೂ ಚೆನ್ನಾಗಿದೆ. ಕರೆಂಟು ಹೋಗೋ ದಾರಿ ಇದೆ, ವಾಪಸ್ ಬರೋ ದಾರಿ ಕೆಟ್ಟಿದೆ' ಅಂದರು. ಎರಡು ನಿಮಿಷದ ಕೆಲಸ. ನೂರು ರೂಪಾಯಿ ಕೇಳಿದರು. ನಾಚಿಕೆ ಬಿಟ್ಟು ಹೇಳ್ತೀನಿ, ಆ ನೂರಕ್ಕೂ ಚೌಕಾಸಿ ಮಾಡೋಣ ಅಂತ ಒಂದು ಕ್ಷಣ ನನ್ನ ಬಾಯಿಗೆ ಬಂದಿತ್ತು.

ಈಗ ವಿಷಯಕ್ಕೆ ಬರೋಣ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಮತ್ತೆ ಮೈನಸ್‌ಗೆ ಸೇರಲೇಬೇಕು. ಆ ವಾಪಸಾತಿಗೆ ಕಾರಿನಲ್ಲಿ ಬಹುತೇಕ ಬೇರೆ ವೈರು ಎಳೆದಿರೋದಿಲ್ಲ, ಕಾರಿನ ಕಬ್ಬಿಣದ ಮೈಯೇ ದಾರಿ. ಇದನ್ನೇ ಮೆಕ್ಯಾನಿಕ್‌ಗಳು 'ಅರ್ತ್' ಅನ್ನೋದು. ಹೆಸರು ಅರ್ತ್ ಆದರೂ ನೆಲಕ್ಕೂ ಅದಕ್ಕೂ ಸಂಬಂಧ ಇಲ್ಲ, ಗಾಡಿ ನಿಂತಿರೋದೇ ರಬ್ಬರ್ ಟಯರಿನ ಮೇಲೆ. ಇಂಜಿನ್ ಕೂಡ ರಬ್ಬರ್ ಮೌಂಟಿಂಗ್ ಮೇಲೇ ಕೂತಿರುತ್ತೆ. ಹಾಗಾಗಿ ಇಂಜಿನ್ನನ್ನ ಬಾಡಿಗೂ ಬ್ಯಾಟರಿಗೂ ಬೆಸೆಯೋಕೆ ಒಂದೋ ಎರಡೋ ದಪ್ಪ ವೈರು ಅಥವಾ ಹೆಣೆದ ತಾಮ್ರದ ಪಟ್ಟಿ ಇರುತ್ತೆ. ಸ್ಟಾರ್ಟರ್ ಮೋಟಾರ್ ಎಳೆಯೋ ನೂರೈವತ್ತು ಇನ್ನೂರು ಆಂಪಿಯರ್ ಅದರ ಮೂಲಕವೇ ಹಿಂದಿರುಗಬೇಕು. ನನ್ನ ಕಾರಿನಲ್ಲಿ ಆ ಪಟ್ಟಿಯ ಒಂದು ತುದಿ ಕಿಲುಬು ಹಿಡಿದು ಹಸಿರಾಗಿತ್ತು, ಅರ್ಧ ಎಳೆಗಳು ತುಂಡಾಗಿದ್ದವು.

ಲೆಕ್ಕ ಹಾಕಿ. ಆ ಕಿಲುಬಿನ ಪ್ರತಿರೋಧ ಬರೀ 0.01 ಓಮ್ ಅಂತಿಟ್ಕೊಳ್ಳಿ. 150 ಆಂಪಿಯರ್ ಹರಿದರೆ ಅಲ್ಲೇ 1.5 ವೋಲ್ಟ್ ಸೋರಿಹೋಯಿತು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಹೇಗೂ ಹತ್ತು ಹತ್ತೂವರೆ ವೋಲ್ಟಿಗೆ ಇಳಿದಿರುತ್ತೆ, ಅದರಲ್ಲೂ ಒಂದೂವರೆ ಹೋದರೆ ಮೋಟಾರಿಗೆ ಉಳಿಯೋದೇನು? ಆಲ್ಟರ್‌ನೇಟರ್ ಕೂಡ ಇಂಜಿನ್ ಮೇಲೇ ಕೂತಿರೋದರಿಂದ ದೀಪಕ್ಕೂ ಅದೇ ಗತಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಮ್ಮಿಯಾದರೆ ಬೆಳಕು ಸುಮಾರು ಶೇ. 30 ಕಮ್ಮಿಯಾಗುತ್ತೆ. ಕಡೂರಿನ ಆ ಬುಡ್ಡಿ ದೀಪಕ್ಕೆ ಕಾರಣ ಇದು. ಇನ್ನೂ ಕೆಟ್ಟದ್ದೂ ಇದೆ. ಅಷ್ಟು ದೊಡ್ಡ ಕರೆಂಟಿಗೆ ಸರಿಯಾದ ದಾರಿ ಸಿಗದಿದ್ದರೆ ಅದು ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲುಗಳ ಮೂಲಕ ನುಗ್ಗಿ ಅವನ್ನ ಸುಡಲೂಬಹುದು.

ಓಮ್ ಸಾಹೇಬರು ಈ ನಿಯಮ ಅಚ್ಚು ಹಾಕಿಸಿದ್ದು 1827ರಲ್ಲಿ. ನಮ್ಮಲ್ಲಿ ಸಿಇಟಿ ಬರೆದವರೆಲ್ಲ ಅದನ್ನ ಬಾಯಿಪಾಠ ಮಾಡಿದವರೇ. ಆದರೂ ಕೈಯಲ್ಲಿ ಇಂಜಿನಿಯರಿಂಗ್ ಡಿಗ್ರಿ ಹಿಡ್ಕೊಂಡು, 'ಗ್ರೌಂಡಿಂಗ್ ಕಿಟ್ ಹಾಕಿದ್ರೆ ಮೈಲೇಜ್ ಬರುತ್ತಾ?' ಅಂತ ಪಕ್ಕದವನನ್ನ ಕೇಳ್ತೀವಿ. ಅಳೆಯೋದಿಲ್ಲ.

ಅಳೆಯೋಕೆ ಬೇಕಾಗಿರೋದು ಎಸ್.ಪಿ. ರೋಡಿನ ಮುನ್ನೂರು ರೂಪಾಯಿಯ ಮಲ್ಟಿಮೀಟರ್. ಡಿ.ಸಿ. ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿಹಿಡೀರಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇನ್ನೊಬ್ಬರು ಸೆಲ್ಫ್ ಹೊಡೀಲಿ. 0.2 ವೋಲ್ಟ್ ಒಳಗೆ ತೋರಿಸಿದರೆ ನಿಮ್ಮ ಅರ್ತ್ ಚೆನ್ನಾಗಿದೆ, ಯಾವ ಕಿಟ್ಟೂ ಬೇಡ, ಬಾನೆಟ್ ಮುಚ್ಚಿ ಕಾಫಿ ಕುಡೀರಿ. ಅರ್ಧ ವೋಲ್ಟ್ ದಾಟಿದರೆ ದಾರಿ ಕೆಟ್ಟಿದೆ. ನನ್ನದು 1.4 ತೋರಿಸಿತು.

ಆ ಭಾನುವಾರ ನನ್ನ ಕಿಟ್ ನಾನೇ ಮಾಡಿಕೊಂಡೆ. 25 ಚದರ ಮಿಲಿಮೀಟರಿನ ನುಣ್ಣನೆ ಎಳೆಗಳ ತಾಮ್ರದ ಕೇಬಲ್ ಎರಡು ಮೀಟರು, ತವರ ಲೇಪಿಸಿದ ತಾಮ್ರದ ಲಗ್ ಆರು, ಹೀಟ್ ಶ್ರಿಂಕ್ ಸ್ಲೀವು, ಒಂದು ಹಾಳೆ ಎಮರಿ ಪೇಪರು. ಲಗ್ಗುಗಳನ್ನ ಅಂಗಡಿಯವರ ಕೈಯಲ್ಲೇ ದೊಡ್ಡ ಕ್ರಿಂಪಿಂಗ್ ಮೆಷಿನ್ನಿನಲ್ಲಿ ಒತ್ತಿಸಿದೆ. ಸುತ್ತಿಗೆಯಲ್ಲಿ ಜಜ್ಜಿದ ಲಗ್ಗು ನಾಳೆಯ ಹೊಸ ಕಿಲುಬು. ಎಲ್ಲ ಸೇರಿ ಎಂಟುನೂರೈವತ್ತು ರೂಪಾಯಿ, ಮೀಟರಿನದು ಬೇರೆ.

ಮೊದಲು ಮೈನಸ್ ಟರ್ಮಿನಲ್ ಬಿಚ್ಚಿದೆ. ಯಾವಾಗಲೂ ಮೈನಸ್ಸೇ ಮೊದಲು ಬಿಚ್ಚೋದು, ಕೊನೆಗೆ ಹಾಕೋದು. ಅದನ್ನ ಹಾಗೇ ಬಿಟ್ಟು ಪ್ಲಸ್‌ಗೆ ಕೈ ಹಾಕಿದರೆ ಸ್ಪ್ಯಾನರು ಬಾಡಿಗೆ ತಾಗಿ ಕಿಡಿ ಹಾರುತ್ತೆ. ಆಮೇಲೆ ಮೂರು ತುಂಡು: ಮೈನಸ್‌ನಿಂದ ಇಂಜಿನ್ ಬ್ಲಾಕಿಗೆ ಒಂದು, ಮೈನಸ್‌ನಿಂದ ಬಾಡಿಗೆ ಒಂದು, ಬ್ಲಾಕಿನಿಂದ ಬಾಡಿಗೆ ಒಂದು. ಪ್ರತಿ ಬೋಲ್ಟಿನ ಬುಡವನ್ನೂ ಲೋಹ ಹೊಳೆಯೋವರೆಗೆ ಎಮರಿಯಲ್ಲಿ ಉಜ್ಜಿ, ಬಿಗಿದ ಮೇಲೆ ತುಕ್ಕು ಹಿಡಿಯದ ಹಾಗೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಇಡೀ ಕೆಲಸದ ಜೀವ ಇರೋದು ಈ ಉಜ್ಜೋದರಲ್ಲೇ. ಬಣ್ಣದ ಮೇಲೆ ಬಿಗಿದ ಮೂರೂವರೆ ಸಾವಿರದ ವೈರಿಗಿಂತ ಉಜ್ಜಿ ಬಿಗಿದ ಹಳೇ ವೈರು ಮೇಲು. ಸೈಲೆನ್ಸರ್ ಪೈಪು, ಬೆಲ್ಟು, ಫ್ಯಾನು ಮೂರರಿಂದಲೂ ವೈರುಗಳನ್ನ ದೂರ ಹಾಯಿಸಿ, ಇಂಜಿನ್ ಅಲುಗಾಡೋಕೆ ಜಾಗ ಇರಲಿ ಅಂತ ಸ್ವಲ್ಪ ಸಡಿಲ ಬಿಟ್ಟೆ. ಮತ್ತೆ ಅಳೆದೆ: 0.1 ವೋಲ್ಟ್.

ಮೈಲೇಜು? ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಇಟ್ಟೆ. ಮೊದಲು 15.1, ಈಗ 15.2. ಅಷ್ಟು ವ್ಯತ್ಯಾಸ ಒಂದು ದಿನದ ಟ್ರಾಫಿಕ್ಕಿನಲ್ಲೇ ಆಗುತ್ತೆ. ಅದು ಸಹಜ ಕೂಡ. ಇಂಧನ ಎಷ್ಟು ಬೇಕು ಅಂತ ಇಂಜಿನ್ನಿನ ಕಂಪ್ಯೂಟರು ಆಕ್ಸಿಜನ್ ಸೆನ್ಸರ್ ನೋಡಿ ತೀರ್ಮಾನ ಮಾಡುತ್ತೆ, ನಿಮ್ಮ ನೀಲಿ ವೈರು ನೋಡಿ ಅಲ್ಲ. ಅರ್ತ್ ಕೆಟ್ಟಿದ್ದರೆ ಸರಿಮಾಡಿದಾಗ ಗಾಡಿ ಮೊದಲಿನಂತಾಗುತ್ತೆ. ಮೊದಲಿಗಿಂತ ಹೆಚ್ಚಾಗೋದಿಲ್ಲ. ಜ್ವರ ಇಳಿಸೋ ಮಾತ್ರೆ ನುಂಗಿ ಯಾರೂ ಪೈಲ್ವಾನ್ ಆಗಿಲ್ಲ. ಕಿಟ್ ಮಾರೋರು ಮಾಡ್ತಿರೋದು ಆ ಮಾತ್ರೆಯನ್ನ ಜ್ವರ ಇಲ್ಲದವರಿಗೆ ಟಾನಿಕ್ ಅಂತ ಮಾರೋದು.

'ವಾರಂಟಿ ಹೋಗುತ್ತೆ, ಮುಟ್ಬೇಡಿ' ಅನ್ನೋರ ಕಡೆಗೂ ಒಂದು ಮಾತು. ಅವರು ಹೇಳೋದರಲ್ಲಿ ಅರ್ಧ ನಿಜ ಇದೆ, ಒಪ್ಪುತ್ತೀನಿ. ವಾರಂಟಿ ಇರೋ ಗಾಡಿಗೆ ವೈರು ಸೇರಿಸಬೇಡಿ. ಏರ್‌ಬ್ಯಾಗಿನ ವೈರು ಮುಟ್ಟಬೇಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲ್ ಹತ್ತಿರಕ್ಕೂ ಹೋಗಬೇಡಿ, ಅದು ಪ್ರಾಣ ತೆಗೆಯೋ ವೋಲ್ಟೇಜು. ಕೆಲವು ಹೊಸ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೇ ಒಂದು ಸೆನ್ಸರ್ ಇರುತ್ತೆ, ಅಲ್ಲಿ ನೇರ ಕಂಬಕ್ಕೆ ವೈರು ಕಟ್ಟಿದರೆ ಅದರ ಲೆಕ್ಕ ತಪ್ಪುತ್ತೆ. ಆದರೆ ಅಳೆಯೋದರಿಂದ ಯಾವ ವಾರಂಟಿಯೂ ಹೋಗೋದಿಲ್ಲ. ಮೀಟರ್ ರೀಡಿಂಗ್ ಫೋಟೋ ಹಿಡಿದು ಸರ್ವಿಸ್ ಅಡ್ವೈಸರ್ ಮುಂದೆ ನಿಂತು ನೋಡಿ, ಮಾತಿನ ಧಾಟಿಯೇ ಬದಲಾಗುತ್ತೆ.

ಇನ್ನು ನಮ್ಮವರ ಅತಿ ದೊಡ್ಡ ವಾದ. 'ನನ್ನ ಒಂದು ಗಂಟೆಗೆ ಇಷ್ಟು ಸಾವಿರ ಬೆಲೆ ಇದೆ, ಕೈ ಮಸಿ ಮಾಡ್ಕೊಂಡು ಭಾನುವಾರ ಯಾಕೆ ಹಾಳು ಮಾಡ್ಲಿ?' ಸರಿ ಸ್ವಾಮಿ, ಲೆಕ್ಕವನ್ನೇ ಮಾಡೋಣ. ನನ್ನ ಎರಡು ಶನಿವಾರ ಸರ್ವಿಸ್ ಸೆಂಟರಿನ ಸೋಫಾದ ಮೇಲೆ ಹೋಯಿತು. ಬೇಡದ ಬ್ಯಾಟರಿಗೆ ಐದು ಸಾವಿರ ಹೋಯಿತು. ಬೇಡದ ಮೋಟಾರಿಗೆ ಒಂಬತ್ತು ಸಾವಿರ ಹೋಗೋದರಲ್ಲಿತ್ತು. ನಾನು ಕೈ ಮಸಿ ಮಾಡಿಕೊಂಡದ್ದು ಮೂರು ಗಂಟೆ.

ಹೋಗಲಿ, ದುಡ್ಡಿನ ಮಾತು ಬಿಡಿ. ಎಲ್ಲವನ್ನೂ ಎಲ್ಲರೂ ಮಾಡ್ಬೇಕು ಅಂತ ನಾನು ಹೇಳ್ತಿಲ್ಲ. ಕೈ ಹಾಕೋಕೆ ಇಷ್ಟ ಇಲ್ಲದಿದ್ದರೆ ಬೇಡ, ಬಲ್ಲವರ ಕೈಗೆ ಕೊಡಿ. ಆದರೆ ಬಲ್ಲವರು ಯಾರು ಅಂತ ಗುರುತಿಸೋಕಾದರೂ ಒಂಚೂರು ತಿಳಿದಿರಬೇಕಲ್ಲ? ನನಗೆ ತಿಳಿದಿರಲಿಲ್ಲ. ಹಾಗಾಗಿ ಏಸಿ ಹಾಲು, ಇಸ್ತ್ರಿ ಶರಟು, ಪ್ರಿಂಟ್ ಮಾಡಿದ ಎಸ್ಟಿಮೇಟು ನೋಡಿ ನಂಬಿದೆ. ತಗಡಿನ ಶೀಟು, ಮಸಿಯಾದ ಕೈ ನೋಡಿ ಅನುಮಾನಿಸಿದೆ. ಜ್ಞಾನ ಇದ್ದದ್ದು ಆ ಮಸಿ ಕೈಯಲ್ಲಿ. ನಮ್ಮ ಅಜ್ಞಾನಕ್ಕೆ ದಂಡ ಕಟ್ಟೋರು ನಾವು ಮಾತ್ರ ಅಲ್ಲ. ನೂರು ರೂಪಾಯಿಗೆ ನಿಜ ಹೇಳಿ ಚೌಕಾಸಿ ಮಾಡಿಸಿಕೊಳ್ಳೋ ಆ ಮನುಷ್ಯನೂ ಕಟ್ಟುತ್ತಾನೆ.

ಕಿಟ್ ಹಾಕಿದ ಮೇಲೆ ಗಾಡಿ ಒಯ್ದು ಅವರಿಗೆ ತೋರಿಸಿದೆ. ಬಾನೆಟ್ ಎತ್ತಿ, ಒಂದೊಂದೇ ಬೋಲ್ಟನ್ನ ಬೆರಳಲ್ಲಿ ಅಲುಗಾಡಿಸಿ ನೋಡಿದರು. ಬಾಡಿಗೆ ಬಿಗಿದ ಒಂದು ಬೋಲ್ಟನ್ನ ಇನ್ನೂ ಕಾಲು ಸುತ್ತು ಬಿಗಿದರು. 'ಪರವಾಗಿಲ್ಲ ಸಾರ್' ಅಂದರು. ಕಳೆದ ಆರು ವರ್ಷದ ಯಾವ ಅಪ್ರೈಸಲ್ ಮೀಟಿಂಗಿನಲ್ಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಈ ಆಯುಧಪೂಜೆಗೆ ಹೂವಿನ ಹಾರ ಹಾಕಿ, ನಿಂಬೆಹಣ್ಣೂ ಇಡಿ, ನನ್ನ ತಕರಾರಿಲ್ಲ. ಗಾಡಿಯನ್ನ ಹಿಂದಿನ ದಿನ ತೊಳೀತೀರಲ್ಲ, ಆಗ ಬಾನೆಟ್ ಒಂದ್ಸಲ ಎತ್ತಿ. ಬ್ಯಾಟರಿಯ ಮೈನಸ್‌ನಿಂದ ಹೊರಟ ಕಪ್ಪು ವೈರು ಎಲ್ಲಿಗೆ ಹೋಗಿ ಸೇರುತ್ತೆ ಅಂತ ಬೆರಳಿಟ್ಟು ಹುಡುಕಿ. ಆ ತುದಿ ಹಸಿರಾಗಿದ್ದರೆ ಮೀಟರು ತನ್ನಿ.