ಶಿಫಾರಸು ಮಾರಾಟಕ್ಕಿರುವಾಗ

ಸ್ಟ್ರೀಮಿಂಗ್ ಸೇವೆಗಳು ಸ್ವತಂತ್ರ ಸಂಗೀತಗಾರರಿಗೆ ನ್ಯಾಯ ಒದಗಿಸುತ್ತಿವೆಯೇ ಎಂಬ ಹಳೆಯ ಜಗಳಕ್ಕೆ 2023ರ ನವೆಂಬರ್‌ನಲ್ಲಿ ಸ್ಪಾಟಿಫೈ ಕಂಪನಿಯೇ ಹೊಸ ಕಾವು ಕೊಟ್ಟಿತು. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಯಾರೂ ಕೇಳದ ಹಾಡಿಗೆ 2024ರ ಆರಂಭದಿಂದ ಧ್ವನಿಮುದ್ರಣದ ರಾಯಲ್ಟಿ ಸಲ್ಲುವುದಿಲ್ಲ ಎಂದು ಅದು ಘೋಷಿಸಿತು. ದೊಡ್ಡ ಕಂಪನಿಯ ಬಂಡವಾಳವಾಗಲಿ ಸಿನಿಮಾದ ಆಸರೆಯಾಗಲಿ ಇಲ್ಲದೆ, ತಾವೇ ಬರೆದು, ತಾವೇ ಹಾಡಿ, ಎಷ್ಟೋ ಸಲ ಮನೆಯ ಕೋಣೆಯಲ್ಲೇ ಮುದ್ರಿಸಿ ಹೊರತರುವವರನ್ನು ಇಂಡೀ ಅಥವಾ ಸ್ವತಂತ್ರ ಸಂಗೀತಗಾರರೆಂದು ಕರೆಯುವುದಾದರೆ, ಈ ನಿಯಮದ ಪೆಟ್ಟು ಮೊದಲು ಬಿದ್ದದ್ದು ಅವರಿಗೆ. ಆದರೆ ಆಮೇಲೆ ನಡೆದ ವಾದವಿವಾದದಲ್ಲಿ ಎರಡೂ ಕಡೆಯವರು ಹಣದ ಲೆಕ್ಕದಲ್ಲೇ ಸಿಕ್ಕಿಕೊಂಡು, ಹೊಸ ಸಂಗೀತ ಯಾರ ಮಾತಿನ ಮೇಲೆ ಯಾರ ಕಿವಿಗೆ ತಲುಪುತ್ತದೆ ಎಂಬ ಇನ್ನೂ ದೊಡ್ಡ ಪ್ರಶ್ನೆಯನ್ನು ಬದಿಗೆ ಸರಿಸಿದರು.

ಹಣದ ಮಾತನ್ನೇ ಮೊದಲು ಮುಗಿಸಬಹುದು. ಈ ಸೇವೆಗಳಲ್ಲಿ ಚಂದಾದಾರ ಕೊಟ್ಟ ಹಣ ಅವನು ಕೇಳಿದ ಗಾಯಕನಿಗೇ ನೇರವಾಗಿ ಹೋಗುವುದಿಲ್ಲ. ಚಂದಾ ಮತ್ತು ಜಾಹೀರಾತಿನ ಆದಾಯವನ್ನು ಒಂದೇ ನಿಧಿಗೆ ಸೇರಿಸಿ, ಅದರಲ್ಲಿ ಸುಮಾರು ಮೂರನೇ ಎರಡು ಭಾಗವನ್ನು, ಒಟ್ಟು ಆಲಿಕೆಯಲ್ಲಿ ಯಾರ ಪಾಲು ಎಷ್ಟು ಎಂಬ ಅನುಪಾತದಲ್ಲಿ ಹಕ್ಕುದಾರರಿಗೆ ಹಂಚಲಾಗುತ್ತದೆ. ಸಾವಿರಕ್ಕಿಂತ ಕಡಿಮೆ ಆಲಿಕೆಯ ಹಾಡುಗಳಿಗೆ ತಿಂಗಳಿಗೆ ಸರಾಸರಿ 3 ಸೆಂಟ್‌ನಷ್ಟೇ ಹಣ ಹುಟ್ಟುತ್ತದೆಂದೂ, ಹಾಡನ್ನು ಸೇವೆಗಳಿಗೆ ಏರಿಸಿ ಹಣ ವಸೂಲು ಮಾಡಿಕೊಡುವ ಡಿಸ್ಟ್ರಿಬ್ಯೂಟರ್ ಎಂಬ ಮಧ್ಯವರ್ತಿಗಳು ಇಂತಿಷ್ಟು ಮೊತ್ತ ಆಗುವವರೆಗೆ ಹಣ ಬಿಡಿಸಿಕೊಳ್ಳಲು ಬಿಡುವುದಿಲ್ಲವಾದ್ದರಿಂದ ಆ ಚಿಲ್ಲರೆ ಹೇಗೂ ಗಾಯಕನ ಕೈ ಸೇರುವುದಿಲ್ಲವೆಂದೂ, ಹಾಗೆ ಚದುರಿಹೋಗುವ ಹಣವೆಲ್ಲ ಸೇರಿದರೆ ವರ್ಷಕ್ಕೆ 4 ಕೋಟಿ ಡಾಲರ್ ಆಗುತ್ತದೆಂದೂ ಕಂಪನಿ ವಿವರಿಸಿತು. ಒಟ್ಟು ಆಲಿಕೆಯ ಶೇ. 99.5ರಷ್ಟು ಸಾವಿರ ದಾಟಿದ ಹಾಡುಗಳದ್ದೇ ಆಗಿರುವುದರಿಂದ ಹೆಚ್ಚಿನವರಿಗೆ ನಷ್ಟವಿಲ್ಲ, ಉಳಿದ ಹಣದಲ್ಲಿ ಒಂದು ಕಾಸನ್ನೂ ತಾನು ಇಟ್ಟುಕೊಳ್ಳದೆ ಸಂಗೀತವನ್ನೇ ನೆಚ್ಚಿ ಬದುಕುವವರಿಗೆ ಹಂಚುತ್ತೇನೆ ಎಂಬುದು ಅದರ ಸಮಾಧಾನದ ಮಾತು.

ಈ ಅಂಕಿಗಳನ್ನು ಅಲ್ಲಗಳೆಯಬೇಕಾದ ಅಗತ್ಯವೇ ಇಲ್ಲ. ಅವು ನಿಜವಾಗಿದ್ದರೂ ತೀರ್ಮಾನ ತಪ್ಪೇ. ಕೊಡಬೇಕಾದ ಹಣ ಚಿಕ್ಕದು ಎಂಬ ಕಾರಣಕ್ಕೆ ಕೊಡಬೇಕಾದ ಹೊಣೆ ತೀರುವುದಿಲ್ಲ. ಕಡಿಮೆ ಮೊತ್ತದ ಖಾತೆಗಳನ್ನೆಲ್ಲ ಒಟ್ಟುಮಾಡಿ ದೊಡ್ಡ ಠೇವಣಿದಾರರಿಗೆ ಹಂಚಿ, ಇದರಲ್ಲಿ ತನಗೇನೂ ಲಾಭವಿಲ್ಲ ಎಂದು ಹೇಳುವ ಸಹಕಾರಿ ಬ್ಯಾಂಕನ್ನು ಯಾವ ಊರಿನವರೂ ಮೆಚ್ಚಲಾರರು. ಹಣ ಮಧ್ಯವರ್ತಿಯ ಬಳಿ ಸಿಕ್ಕಿಕೊಳ್ಳುತ್ತದೆ ಎಂಬುದೇ ನಿಜವಾದ ತೊಂದರೆಯಾಗಿದ್ದರೆ, ಅದನ್ನು ವರ್ಷದಿಂದ ವರ್ಷಕ್ಕೆ ಜಮಾ ಮಾಡುತ್ತ ಹೋಗುವ ಸರಳ ಉಪಾಯ ಇದ್ದೇ ಇತ್ತು. ಪ್ರತಿ ಕೇಳುಗನ ಚಂದಾವನ್ನು ಅವನು ಕೇಳಿದವರಿಗಷ್ಟೇ ಹಂಚುವ ಇನ್ನೊಂದು ಪದ್ಧತಿಯನ್ನು ಸೌಂಡ್‌ಕ್ಲೌಡ್ ಎಂಬ ಇನ್ನೊಂದು ಸ್ಟ್ರೀಮಿಂಗ್ ಸೇವೆ 2021ರಲ್ಲೇ ಸ್ವತಂತ್ರ ಕಲಾವಿದರಿಗಾಗಿ ಜಾರಿಗೆ ತಂದಿತ್ತಾದ್ದರಿಂದ, ಬೇರೆ ದಾರಿಯೇ ಇರಲಿಲ್ಲ ಎನ್ನುವಂತೆಯೂ ಇಲ್ಲ.

ಹಾಗಿದ್ದೂ ತಿಂಗಳಿಗೆ 3 ಸೆಂಟ್‌ಗಾಗಿ ಹೋರಾಡುವ ಸ್ವತಂತ್ರ ಸಂಗೀತಗಾರರ ಪರ ವಕೀಲರು ಚಿಕ್ಕ ಕೋಟೆಯನ್ನು ಕಾಯುತ್ತ ದೊಡ್ಡ ಕೋಟೆಯನ್ನು ಬಿಟ್ಟುಕೊಟ್ಟಿದ್ದಾರೆ. ಸ್ಪಾಟಿಫೈ 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ಡಿಸ್ಕವರಿ ಮೋಡ್ ಎಂಬ ಏರ್ಪಾಟು ಈ ಸಾವಿರದ ಗಡಿಗಿಂತ ಹೆಚ್ಚು ಅಪಾಯಕಾರಿಯಾದದ್ದು. ಅದರ ಪ್ರಕಾರ ಗಾಯಕನೋ ಅವನ ಲೇಬಲ್ಲೋ ಒಂದು ಹಾಡನ್ನು ಆರಿಸಿ ಒಪ್ಪಿಗೆ ಕೊಟ್ಟರೆ, ಒಂದು ಹಾಡು ಮುಗಿದ ಮೇಲೆ ತಾನಾಗಿ ಹರಿದುಬರುವ ಮುಂದಿನ ಹಾಡುಗಳ ಸರಣಿಯಲ್ಲಿ ಅದು ಕೇಳುಗನಿಗೆ ಎದುರಾಗುವ ಸಾಧ್ಯತೆ ಹೆಚ್ಚುತ್ತದೆ. ಮುಂಗಡ ಹಣವಿಲ್ಲ, ಬದಲಿಗೆ ಆ ದಾರಿಯಿಂದ ಬಂದ ಆಲಿಕೆಗಳ ರಾಯಲ್ಟಿಯಲ್ಲಿ ಶೇ. 30ನ್ನು ಕಂಪನಿ ಮುರಿದುಕೊಳ್ಳುತ್ತದೆ. ಎರಡೂ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ: ಸಾವಿರ ಸಲ ಕೇಳಿಸದ ಹಾಡಿಗೆ ದುಡ್ಡಿಲ್ಲ, ಕೇಳಿಸಬೇಕೆಂದರೆ ದುಡ್ಡು ಬಿಟ್ಟುಕೊಡಬೇಕು. ಎಲ್ಲರೂ ಬಿಟ್ಟುಕೊಟ್ಟ ದಿನ ಯಾರಿಗೂ ಹೆಚ್ಚಿನ ಅನುಕೂಲ ಉಳಿಯುವುದಿಲ್ಲ, ಕಡಿತ ಮಾತ್ರ ಉಳಿಯುತ್ತದೆ ಎಂಬ ಸರಳ ಗಣಿತದ ಬಗ್ಗೆ ಅಮೆರಿಕದ ಸಂಸದರಾದ ಜೆರಿ ನ್ಯಾಡ್ಲರ್ ಮತ್ತು ಹ್ಯಾಂಕ್ ಜಾನ್ಸನ್ 2021ರ ಜೂನ್‌ನಲ್ಲೇ ಕಂಪನಿಯ ಮುಖ್ಯಸ್ಥ ಡೇನಿಯಲ್ ಎಕ್ ಅವರಿಗೆ ಪತ್ರ ಬರೆದು ಕೇಳಿದ್ದರು.

ಸಂಗೀತದ ಇತಿಹಾಸದಲ್ಲಿ ಈ ವ್ಯವಹಾರ ಹೊಸತಲ್ಲ. ರೇಡಿಯೊದಲ್ಲಿ ಹಾಡು ಹಾಕಿಸಲು ನಿರೂಪಕರಿಗೆ ಗುಟ್ಟಾಗಿ ಹಣ ಕೊಡುವುದನ್ನು ಅಮೆರಿಕದಲ್ಲಿ ಪೇಯೋಲಾ ಎನ್ನುತ್ತಿದ್ದರು. ರಾಕ್ ಅಂಡ್ ರೋಲ್ ಎಂಬ ಹೆಸರನ್ನು ಜನಪ್ರಿಯಗೊಳಿಸಿದ ರೇಡಿಯೊ ನಿರೂಪಕ ಅಲನ್ ಫ್ರೀಡ್ 1959ರಲ್ಲಿ ಇದೇ ಹಗರಣದಲ್ಲಿ ಕೆಲಸ ಕಳೆದುಕೊಂಡರು, 1960ರ ಕಾನೂನು ತಿದ್ದುಪಡಿ ಇಂಥ ಹಣವನ್ನು ಕೇಳುಗರಿಗೆ ತಿಳಿಸದೆ ಮುಚ್ಚಿಡುವುದನ್ನು ಅಪರಾಧವಾಗಿಸಿತು. ಅಷ್ಟಾದರೂ ಅಭ್ಯಾಸ ಸಾಯಲಿಲ್ಲ. 2005ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ನಡೆಸಿದ ತನಿಖೆಯ ಬಳಿಕ ರೆಕಾರ್ಡ್ ಕಂಪನಿ ಸೋನಿ ಬಿಎಂಜಿ 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಆ ಕಾನೂನು ಪ್ರಸಾರ ಕೇಂದ್ರಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು, ಫೋನಿನ ಆ್ಯಪುಗಳನ್ನಲ್ಲ ಎಂಬ ಸಂದಿನಲ್ಲಿ ಈಗಿನ ವ್ಯವಹಾರ ನಡೆಯುತ್ತಿದೆ. ಹಿಂದೆ ಲಂಚ ಕೊಟ್ಟವನಿಗೂ ತೆಗೆದುಕೊಂಡವನಿಗೂ ನಾಚಿಕೆಯಾದರೂ ಇತ್ತು. ಈಗ ಅದಕ್ಕೊಂದು ಹೆಸರು, ಒಂದು ದರಪಟ್ಟಿ ಮತ್ತು ಒತ್ತಲು ಒಂದು ಗುಂಡಿ ಬಂದಿವೆ.

ಯಂತ್ರದ ಶಿಫಾರಸಿನಿಂದಲೇ ಎಷ್ಟೋ ಅನಾಮಧೇಯ ಗಾಯಕರು ದೂರದ ಖಂಡಗಳಲ್ಲಿ ಕೇಳುಗರನ್ನು ಪಡೆದಿದ್ದಾರೆ ಎಂಬ ಪ್ರತಿವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಶಿಫಾರಸು ಮಾಡಿದವರು ಯಾರು, ಅದು ಹಾಡಿನ ಗುಣಕ್ಕೆ ಬಂದದ್ದೋ ರಾಯಲ್ಟಿ ಬಿಟ್ಟುಕೊಟ್ಟದ್ದಕ್ಕೆ ಬಂದದ್ದೋ ಎಂದು ಕೇಳುಗನು ತಿಳಿಯಲು ದಾರಿಯಿಲ್ಲ. ಹೆಸರು ಹಾಕಿ ಬರೆಯುವ ವಿಮರ್ಶಕ ತಪ್ಪು ಹೇಳಿದರೆ ಅವನ ಮುಂದಿನ ಮಾತಿಗೆ ಬೆಲೆ ಕಡಿಮೆಯಾಗುತ್ತದೆ, ಯಂತ್ರಕ್ಕೆ ಆ ಭಯವಿಲ್ಲ. 2024ರ ಜನವರಿಯಲ್ಲಿ ಕಾಂಡೆ ನಾಸ್ಟ್ ಸಂಸ್ಥೆ ತನ್ನ ಸಂಗೀತ ವಿಮರ್ಶಾ ಪತ್ರಿಕೆ ಪಿಚ್‌ಫೋರ್ಕ್ ಅನ್ನು ಪುರುಷರ ಉಡುಪು-ಜೀವನಶೈಲಿಯ ಪತ್ರಿಕೆ ಜಿಕ್ಯೂ ಒಳಗೆ ಸೇರಿಸಿ ಹಲವರನ್ನು ಕೆಲಸದಿಂದ ತೆಗೆದಾಗ, ಇನ್ನು ವಿಮರ್ಶೆಯ ಕಾಲ ಮುಗಿಯಿತೆಂದು ಬರೆದವರು ಕಡಿಮೆಯೇನಲ್ಲ.

ಅದಾದ ಎರಡೇ ತಿಂಗಳಿಗೆ ಈ ಷರಾ ಸುಳ್ಳಾಯಿತು. ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್, ಸಿಂಡಿ ಲೀ ಎಂಬ ಹೆಸರಿನಲ್ಲಿ, ‘ಡೈಮಂಡ್ ಜ್ಯೂಬಿಲಿ’ ಎಂಬ 32 ಹಾಡುಗಳ, ಎರಡು ಗಂಟೆ ಮೀರಿದ ಆಲ್ಬಮ್ಮನ್ನು ಹೊರತಂದಾಗ ಅದು ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇರಲಿಲ್ಲ. ತೊಂಬತ್ತರ ದಶಕದ ಅಂತರ್ಜಾಲವನ್ನು ನೆನಪಿಸುವ ಒಂದು ಒರಟು ಪುಟದಿಂದ ಫೈಲುಗಳನ್ನು ಇಳಿಸಿಕೊಳ್ಳಬೇಕಿತ್ತು, ಮನಸ್ಸಿದ್ದವರು 30 ಡಾಲರ್ ಕಳಿಸಬೇಕೆಂಬ ಸೂಚನೆಯಿತ್ತು. ಬೇಡವೆನ್ನುವವರಿಗೆ ಯೂಟ್ಯೂಬ್‌ನಲ್ಲಿ, ಹಾಡಿನಿಂದ ಹಾಡಿಗೆ ಬಿಡಿಸದ ಒಂದೇ ಉದ್ದನೆಯ ವಿಡಿಯೊ. ಮಾರುಕಟ್ಟೆಯ ಯಾವ ಸೂತ್ರದ ಪ್ರಕಾರವೂ ಸೋಲಬೇಕಾಗಿದ್ದ ಈ ಆಲ್ಬಂ ಬಾಯಿಂದ ಬಾಯಿಗೆ ಹಬ್ಬಿತು, ಮುಳುಗಿತೆಂದು ಎಲ್ಲರೂ ಅಂದುಕೊಂಡಿದ್ದ ಪಿಚ್‌ಫೋರ್ಕ್ ಅದಕ್ಕೆ 10ರಲ್ಲಿ 9.1 ಅಂಕ ಕೊಟ್ಟಿತು, ವರ್ಷದ ಅತ್ಯುತ್ತಮ ಆಲ್ಬಮ್ಮುಗಳ ಹಲವು ಪಟ್ಟಿಗಳಲ್ಲಿ ಅದು ಸೇರಿತು. ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಲಾಗದು ಎಂಬ ಎಚ್ಚರಿಕೆ ಸರಿಯೇ. ಆದರೂ ಫೈಲು ಇಳಿಸಿಕೊಳ್ಳುವ ಅಷ್ಟು ಕಷ್ಟವನ್ನೂ ಇಂದಿನ ಕೇಳುಗ ಪಡಲಾರ ಎಂದು ಹತ್ತು ವರ್ಷಗಳಿಂದ ಹೇಳಿಕೊಂಡು ಬಂದವರು ಈ ಪ್ರಕರಣಕ್ಕೆ ಉತ್ತರ ಕೊಟ್ಟಿಲ್ಲ.

ಡೌನ್‌ಲೋಡ್ ಹಳೆಯ ಕಾಲದವರ ಹಟ ಎಂಬ ಹಂಗಿಸುವಿಕೆಗೂ ಇಲ್ಲೇ ಉತ್ತರ ಹೇಳಬೇಕು. ಕೇಳುಗನ ಡಿಸ್ಕಿನಲ್ಲಿರುವ ಫೈಲನ್ನು ಒಪ್ಪಂದ ಮುಗಿಯಿತೆಂದು ಯಾರೂ ಹಿಂದೆಗೆದುಕೊಳ್ಳಲಾರರು, ಚಂದಾ ಕಟ್ಟಲಿಲ್ಲವೆಂದು ಅದು ಮೂಕವಾಗುವುದಿಲ್ಲ. ಇಂಡೀ ಸಂಗೀತಕ್ಕೆ ಒಂದು ಕಾಲದಲ್ಲಿ ಮನೆಯೇ ಆಗಿದ್ದ ಜಾಲತಾಣ ಮೈಸ್ಪೇಸ್, 2003ರಿಂದ 2015ರವರೆಗೆ ಬಳಕೆದಾರರು ಏರಿಸಿದ್ದ ಸಂಗೀತವೆಲ್ಲ ಸರ್ವರ್ ಬದಲಾಯಿಸುವಾಗ ನಾಶವಾಯಿತೆಂದು ತಿಳಿಸಿದ ಸುದ್ದಿ 2019ರ ಮಾರ್ಚ್‌ನಲ್ಲಿ ಹೊರಬಿತ್ತು. ಅಂದಾಜು 1 ಕೋಟಿ 40 ಲಕ್ಷ ಕಲಾವಿದರ 5 ಕೋಟಿ ಹಾಡುಗಳು ಹೋದವು. ಮರುತಿಂಗಳು ಇಂಟರ್ನೆಟ್ ಆರ್ಕೈವ್ ಎಂಬ ಲಾಭೋದ್ದೇಶವಿಲ್ಲದ ಡಿಜಿಟಲ್ ಗ್ರಂಥಾಲಯ ಅದರಲ್ಲಿ ಸುಮಾರು 4 ಲಕ್ಷ 90 ಸಾವಿರ ಹಾಡುಗಳನ್ನು ಮರಳಿ ಜನರ ಮುಂದಿಟ್ಟಿತು. ಅವು ಉಳಿದದ್ದು ಮೈಸ್ಪೇಸ್‌ನ ಪುಣ್ಯದಿಂದಲ್ಲ, 2008ರಿಂದ 2010ರ ನಡುವೆ ಅಧ್ಯಯನಕ್ಕೆಂದು ಯಾರೋ ಸಂಶೋಧಕರು ಅವನ್ನು ಇಳಿಸಿಕೊಂಡು ಇಟ್ಟುಕೊಂಡಿದ್ದರಿಂದ.

ಹಾಗೆಂದ ಮಾತ್ರಕ್ಕೆ ಎಲ್ಲ ಹಂಚಿಕೆಯೂ ಪುಣ್ಯದ ಕೆಲಸವಲ್ಲ. ಹೊಸ ಗಾಯಕನಿಗೆ ಪ್ರಚಾರ ಕೊಡುತ್ತಿದ್ದೇವೆ ಎಂಬ ನೆಪದಲ್ಲಿ ಅವನ ಇಡೀ ಆಲ್ಬಮ್ಮನ್ನು ಒಪ್ಪಿಗೆಯಿಲ್ಲದೆ ಹಂಚುವವರು, ಅವನಿಗೆ ಬೇಕಾದದ್ದೇನೆಂದು ಅವನನ್ನು ವಿಚಾರಿಸುವ ಸೌಜನ್ಯವನ್ನೂ ತೋರುವುದಿಲ್ಲ. ಕೊಡಲು ಮನಸ್ಸಿರುವ ಕಲಾವಿದರು ತಾವಾಗಿಯೇ ಕೊಡುತ್ತಾರೆ: ಆಸ್ಟ್ರೇಲಿಯಾದ ಕಿಂಗ್ ಗಿಜರ್ಡ್ ಅಂಡ್ ದ ಲಿಜರ್ಡ್ ವಿಜರ್ಡ್ ತಂಡ 2017ರಲ್ಲಿ ‘ಪಾಲಿಗೊಂಡ್ವಾನಾಲ್ಯಾಂಡ್’ ಆಲ್ಬಮ್ಮಿನ ಮೂಲ ಫೈಲುಗಳನ್ನು ಪುಕ್ಕಟೆ ಬಿಟ್ಟು, ಯಾರು ಬೇಕಾದರೂ ರೆಕಾರ್ಡ್ ಅಚ್ಚುಹಾಕಿ ಮಾರಿಕೊಳ್ಳಲಿ ಎಂದಿತು. ಇಲ್ಲಿ ಅಳತೆಗೋಲು ಒಂದೇ: ಫೈಲನ್ನು ಹಂಚಲು ಹಾಡಿದವರ ಒಪ್ಪಿಗೆ ಬೇಕು, ಹಾಡಿನ ಸುದ್ದಿಯನ್ನು ಹಂಚಲು ಯಾರ ಒಪ್ಪಿಗೆಯೂ ಬೇಡ.

ಡೌನ್‌ಲೋಡಿನ ಪರವಾದ ಈ ವಾದ ಬಂದಾಗಲೆಲ್ಲ ಬ್ಯಾಂಡ್‌ಕ್ಯಾಂಪ್‌ನ ಹೆಸರು ಬರುತ್ತದೆ. 2008ರಲ್ಲಿ ಆರಂಭವಾದ ಈ ಆನ್‌ಲೈನ್ ಅಂಗಡಿಯಲ್ಲಿ ಗಾಯಕ ತಾನೇ ಬೆಲೆ ಕಟ್ಟುತ್ತಾನೆ, ಕೊಂಡವನಿಗೆ ಧ್ವನಿಯ ಗುಣ ಕೆಡದ ಫ್ಲಾಕ್‌ನಂಥ ಮಾದರಿಯಲ್ಲಿ ಫೈಲು ಸಿಗುತ್ತದೆ, ಡಿಜಿಟಲ್ ಮಾರಾಟದಲ್ಲಿ ಅಂಗಡಿಯ ಪಾಲು ಸಾಮಾನ್ಯವಾಗಿ ಶೇ. 15. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 20ರಂದು, ಅದು ತನ್ನ ಪಾಲನ್ನು ಬಿಟ್ಟುಕೊಟ್ಟಾಗ ಕೇಳುಗರು ಒಂದೇ ದಿನ 43 ಲಕ್ಷ ಡಾಲರ್‌ನಷ್ಟು ಖರೀದಿಸಿದರು. ಅಷ್ಟರಿಂದಲೇ ಅದನ್ನು ದೇವಸ್ಥಾನ ಮಾಡಬೇಕಾಗಿಲ್ಲ. 2022ರಲ್ಲಿ ಅದನ್ನು ವಿಡಿಯೊ ಗೇಮ್ ಕಂಪನಿ ಎಪಿಕ್ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಸಂಗೀತ ಪರವಾನಗಿ ಕಂಪನಿಗೆ ಮಾರಿತು, ಆ ಕೈಬದಲಿನಲ್ಲಿ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಅಂಗಡಿ ಯಾರ ಕೈಗೆ ಹೋದರೂ ಕೊಂಡ ಫೈಲು ಕೊಂಡವನ ಬಳಿಯೇ ಇರುತ್ತದೆ ಎಂಬುದಷ್ಟೇ ಅದರ ಪರವಾಗಿ ಗಟ್ಟಿಯಾಗಿ ಹೇಳಬಹುದಾದ ಮಾತು, ಸ್ಟ್ರೀಮಿಂಗ್ ಪರವಾಗಿ ಅಷ್ಟನ್ನೂ ಹೇಳಲು ಬರುವುದಿಲ್ಲ.

ಕರ್ನಾಟಕಕ್ಕೆ ಈ ಜಗಳ ದೂರದ್ದೆನಿಸಬಹುದು, ಸ್ಪಾಟಿಫೈ ಭಾರತಕ್ಕೆ ಬಂದದ್ದೇ 2019ರ ಫೆಬ್ರುವರಿಯಲ್ಲಿ. ಆದರೆ ಸಾವಿರದ ಗಡಿ ಜಗತ್ತಿಗೆಲ್ಲ ಒಂದೇ. ಇಂಗ್ಲಿಷ್ ಹಾಡಿಗೂ ತುಳು, ಕೊಡವ ಅಥವಾ ಬ್ಯಾರಿ ಹಾಡಿಗೂ ಅದೇ ಸಾವಿರ, ಆ ಭಾಷೆ ಆಡುವವರ ಸಂಖ್ಯೆಯ ಲೆಕ್ಕ ಆ ನಿಯಮದಲ್ಲಿ ಇಲ್ಲ. ಸಿನಿಮಾದ ಹೊರಗಿನ ಕನ್ನಡ ಗೀತೆಗೆ ಕೇಳುಗರಿಲ್ಲ ಎಂಬ ಮಾತಿಗಂತೂ ಆಧಾರವಿಲ್ಲ: ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂದ ಮೇಲೆ, ಆ ಸಂಗೀತ ಮನೆಯಿಂದ ಮನೆಗೆ ಕ್ಯಾಸೆಟ್ಟಿನಲ್ಲೇ ದಾಟಿಕೊಂಡು ಹೋಯಿತು. ಈಗಿನ ತೊಡಕು ಬೇರೆಯದು. ಪೇಪಾಲ್ ತನ್ನ ದೇಶೀಯ ಪಾವತಿ ಸೇವೆಯನ್ನು 2021ರ ಏಪ್ರಿಲ್ 1ರಿಂದ ಭಾರತದಲ್ಲಿ ನಿಲ್ಲಿಸಿದ ಮೇಲೆ, ಅದನ್ನೇ ನೆಚ್ಚಿದ ವಿದೇಶಿ ಅಂಗಡಿಗಳಲ್ಲಿ ಧಾರವಾಡದ ಗಾಯಕಿಯ ಹಾಡನ್ನು ಬರ್ಲಿನ್ನಿನವನು ಸುಲಭವಾಗಿ ಕೊಳ್ಳಬಲ್ಲ, ಹುಬ್ಬಳ್ಳಿಯವನು ಪರದಾಡಬೇಕು. ಚಹಾದಂಗಡಿಯವರೂ ಯುಪಿಐ ಕ್ಯೂಆರ್ ಕೋಡ್ ಅಂಟಿಸಿಕೊಂಡಿರುವ ನಾಡಿನಲ್ಲಿ, ಗಾಯಕರು ತಮ್ಮದೇ ಪುಟದಲ್ಲಿ ಅದೇ ಕೋಡ್ ಇಟ್ಟು ಐವತ್ತು ರೂಪಾಯಿಗೆ ಒಂದು ಆಲ್ಬಮ್ಮಿನ ಫೈಲು ಕೊಡುವುದಕ್ಕೆ ಸ್ಪಾಟಿಫೈಯಂಥ ಯಾವ ಕಂಪನಿಯ ಅನುಮತಿಯೂ ಬೇಕಾಗಿಲ್ಲ. ಐವತ್ತು ಜನ ಕೊಂಡರೆ 2,500 ರೂಪಾಯಿ ಕೈಗೆ ಬರುತ್ತದೆ, ಒಂಬೈನೂರು ಸ್ಟ್ರೀಮಿನಿಂದ ಬರುವುದು ಸೊನ್ನೆ.

ಆ ಐವತ್ತು ಜನಕ್ಕೆ ಸುದ್ದಿ ಮುಟ್ಟಿಸುವವರು ಯಾರು ಎಂಬಲ್ಲಿ ಕನ್ನಡದ ಪತ್ರಿಕೆಗಳೂ ಹೊಣೆಗಾರರು. ಸಿನಿಮಾ ಹಾಡೊಂದು ಬಿಡುಗಡೆಯಾದರೆ ಚಿತ್ರತಂಡದ ಪತ್ರಿಕಾ ಪ್ರಕಟಣೆಯನ್ನೇ ಸುದ್ದಿಯೆಂದು ಅಚ್ಚುಹಾಕುವ ಪುರವಣಿಗಳು, ವಾರಕ್ಕೊಂದು ಸ್ವತಂತ್ರ ಆಲ್ಬಮ್ಮನ್ನು ಕೇಳಿ, ಬರೆದವರ ಹೆಸರಿನೊಂದಿಗೆ, ಒಳ್ಳೆಯದನ್ನು ಒಳ್ಳೆಯದೆಂದೂ ಜಾಳನ್ನು ಜಾಳೆಂದೂ ಹೇಳುವ ಅರ್ಧ ಕಾಲಂ ಜಾಗ ಕೊಡಲಾರದಷ್ಟು ಬಡವಾಗಿಲ್ಲ. ಸರ್ಕಾರದ ಹೊಣೆಯೂ ಇದೆ: ರಾಯಲ್ಟಿ ಬಿಟ್ಟುಕೊಟ್ಟು ಮುಂದೆ ಬಂದ ಹಾಡಿನ ಪಕ್ಕದಲ್ಲೇ ಆ ವಿಷಯವನ್ನು ತೋರಿಸಬೇಕೆಂಬ ಕಡ್ಡಾಯ ನಿಯಮವನ್ನು ಭಾರತ ಸರ್ಕಾರ ಸ್ಟ್ರೀಮಿಂಗ್ ಸೇವೆಗಳ ಮೇಲೆ ಹೇರಬೇಕು. ಹಣ ಪಡೆದು ಬರೆಯುವ ವಿಮರ್ಶಕರಿಗೂ, ಹಾಡಿನ ತುಣುಕಿಗೆ ಹೆಜ್ಜೆ ಹಾಕುವ ಇನ್‌ಸ್ಟಾಗ್ರಾಂ ತಾರೆಯರಿಗೂ ಅದೇ ನಿಯಮ ಅನ್ವಯಿಸಬೇಕು.