ಡ್ರಿಪ್ ಪೈಪಿಗೆ ಹೊಸ ಪ್ಲಾಸ್ಟಿಕ್: ಈಗಲೇ ಬೇಕೇ?

ಪ್ರಶ್ನೆ: ರಾಸಾಯನಿಕ ಬಂಧ ಬಿಚ್ಚಿ ಮತ್ತೆ ಬೆಸೆಯಬಹುದಾದ ಪ್ಲಾಸ್ಟಿಕ್ ಪೈಪುಗಳಿಗೆ ಡ್ರಿಪ್ ಸಬ್ಸಿಡಿಯಲ್ಲಿ ಈಗಲೇ ಜಾಗ ಕೊಡಬೇಕೇ?

ಪರ

ಸೊಲ್ಲಾಪುರದ ದಾಳಿಂಬೆ ನಿಂತಿರುವುದೇ ಡ್ರಿಪ್ ಮೇಲೆ. ಅಕ್ಕಲಕೋಟೆ ಸೀಮೆಯ ಕಬ್ಬಿಗೂ ಅದು ಬಂದಿದೆ. ಗಿಡದ ಸಾಲಿಗೆ ಹಾಸುವ ಕರಿ ಪೈಪು, ಅಂದರೆ ಲ್ಯಾಟರಲ್, ಬಿಸಿಲಿಗೆ ಸೀಳುತ್ತದೆ, ಇಲಿ ಕಡಿಯುತ್ತದೆ. ಸುರುಳಿ ಸುತ್ತಿ ಬದುವಿಗೆ ಎಸೆದದ್ದು ಕೊನೆಗೆ ಗುಜರಿ ಸೇರುತ್ತದೆ. ಕರಗಿಸಿದಷ್ಟೂ ಮಾಲು ಕೀಳಾಗುತ್ತದೆ. ಪೈಪಿನ ಪಾಲಿಥಿನ್ ಸರಪಳಿಗಳನ್ನು ಅಡ್ಡ ಬೆಸೆದರೆ ಗಟ್ಟಿಯಾಗುತ್ತದೆ, ಆದರೆ ಮತ್ತೆ ಕರಗುವುದಿಲ್ಲ.

ಈ ಇಕ್ಕಟ್ಟಿಗೆ ದಾರಿ ತೋರಿದವರು ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್. ಅವರ ತಂಡ 2011ರಲ್ಲಿ ತೋರಿಸಿದ ವಿಟ್ರಿಮರ್ ಎಂಬ ಪ್ಲಾಸ್ಟಿಕ್‌ನಲ್ಲಿ, ಕಾಯಿಸಿದಾಗ ಅಡ್ಡ ಬಂಧಗಳು ಜೋಡಿ ಬದಲಿಸಿಕೊಳ್ಳುತ್ತವೆ. ಬಲೆ ಹರಿಯದೆ ವಸ್ತು ಹೊಸ ಆಕಾರ ಪಡೆಯುತ್ತದೆ. 2017ರಲ್ಲಿ ಪಾಲಿಥಿನ್‌ನಿಂದಲೇ ಅಂಥದ್ದನ್ನು ಮಾಡಿದರು. ಬಂಧ ಬಿಚ್ಚುವ ವಿದ್ಯೆ ಕಾರ್ಖಾನೆಗೂ ಇಳಿದಿದೆ. ಸೀಮೆನ್ಸ್ ಗಮೇಸಾ 2021ರಲ್ಲಿ ತಂದ ಗಾಳಿಯಂತ್ರದ ರೆಕ್ಕೆಯ ರಾಳ ನಮ್ಮ ಆದಿತ್ಯ ಬಿರ್ಲಾ ಗುಂಪಿನದು. ಸೌಮ್ಯ ಆಮ್ಲದಲ್ಲಿ ಕಾಯಿಸಿದರೆ ಬಿಡಿಸಿಕೊಳ್ಳುತ್ತದೆ. ಸಣ್ಣ ರೈತನ ಡ್ರಿಪ್‌ಗೆ 55% ಸಹಾಯಧನ ಕೊಡುವ ಸರ್ಕಾರವೇ ಕೇಳಿದರೆ ಪೈಪು ಕಂಪನಿಗಳು ಮಾಡದೇ ಇರುತ್ತವೆಯೇ?

ವಿರೋಧ

ಆ ಆಮ್ಲದಲ್ಲೇ ತೊಡಕಿದೆ. ಗಡಸು ಬೋರ್ ನೀರಿಗೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಗಿಡದ ಬುಡ ಒಣಗುತ್ತದೆ. ಅದನ್ನು ಕರಗಿಸಲು ರೈತ ನೀರಿಗೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಬೆರೆಸಿ, ವೆಂಚುರಿ ಎಂಬ ಹೀರುಗೊಳವೆಯಿಂದ ಎಳೆಸಿ, ಲ್ಯಾಟರಲ್ ತುಂಬ ನಿಲ್ಲಿಸಿ, ಆಮೇಲೆ ತುದಿ ಬಿಚ್ಚಿ ತೊಳೆಯುತ್ತಾನೆ. ಅಮೆರಿಕದ ಬರ್ಕ್ಲಿ ಪ್ರಯೋಗಾಲಯ 2019ರಲ್ಲಿ ಪ್ರಕಟಿಸಿದ ಪಿಡಿಕೆ ಎಂಬ ಇಂಥದೇ ಪ್ಲಾಸ್ಟಿಕ್‌ನ ಹೆಗ್ಗಳಿಕೆಯೇ ತೀಕ್ಷ್ಣ ಆಮ್ಲದಲ್ಲಿ ಮೂಲ ಘಟಕಗಳಾಗಿ ಬಿಡಿಸಿಕೊಳ್ಳುವುದು. ಹೊಲದ ಆ್ಯಸಿಡ್ ಅಷ್ಟು ತೀಕ್ಷ್ಣವಲ್ಲ, ನಿಜ. ಆದರೂ ವರ್ಷಗಟ್ಟಲೆ, ಗೊಬ್ಬರದ ನೀರಿನ ಜೊತೆ, 40 ಡಿಗ್ರಿ ದಾಟುವ ಬಿಸಿಲಲ್ಲಿ ಯಾವ ಬಂಧ ತಾಳುತ್ತದೆ ಎಂಬುದನ್ನು ಹೊಲದಲ್ಲೇ ನೋಡಬೇಕು. ಸದಾ ಒತ್ತಡದಲ್ಲಿರುವ ಪೈಪಿನಲ್ಲಿ ಜೋಡಿ ಬದಲಿಸುವ ಬಂಧಗಳು ನಿಧಾನವಾಗಿ ಜಗ್ಗುವ ಅಪಾಯವೂ ಇದೆ.

ಗುಜರಿಯಲ್ಲಿ ಹಳೆಯದೂ ಕರಿ, ಹೊಸದೂ ಕರಿ, ಬೇರ್ಪಡಿಸುವವರು ಯಾರು? ಬಳಸಿದ ಪ್ಲಾಸ್ಟಿಕ್ಕಿಗೆ ಕಂಪನಿಗಳನ್ನೇ ಹೊಣೆ ಮಾಡುವ 2022ರ ನಿಯಮ ಪ್ಯಾಕಿಂಗ್ ಪ್ಲಾಸ್ಟಿಕ್‌ನದು. ಲ್ಯಾಟರಲ್ ಅದರಡಿ ಬರುವುದಿಲ್ಲ.

ನನ್ನ ಒಲವು ಸದ್ಯಕ್ಕೆ ವಿರೋಧದ ಕಡೆಗೆ. ಈ ರಸಾಯನಶಾಸ್ತ್ರದಲ್ಲಿ ನನಗೆ ಪೂರ್ತಿ ನಂಬಿಕೆಯಿದೆ. ಆದರೆ ಬಹಾರ್ (ಹೂ ಬಿಡಿಸುವ ಹಂಗಾಮು) ಹಿಡಿದ ಹೊತ್ತಲ್ಲಿ ಪೈಪು ಕೈಕೊಟ್ಟರೆ ಹೂವೆಲ್ಲ ಉದುರಿ, ಸಾಲ ಉಳಿಯುವುದು ರೈತನ ತಲೆಯ ಮೇಲೆ. ಸೊಲ್ಲಾಪುರದ ಕೇಗಾಂವದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಅದರ ತಾಕುಗಳಲ್ಲಿ ಮೊದಲು ಈ ಪೈಪು ಹಾಸಿ, ಆ್ಯಸಿಡ್ ಹಾಯಿಸಿ ನೋಡಲಿ. ಹಳೆಯ ಲ್ಯಾಟರಲ್ ವಾಪಸ್ ಪಡೆಯುವ ಹೊಣೆಯನ್ನು ಸರ್ಕಾರ ಇಂದೇ ಕಂಪನಿಗಳಿಗೆ ವಹಿಸಲಿ. ಸಬ್ಸಿಡಿ ಆಮೇಲೆ.